ದೈವಶಾಸ್ತ್ರ ಮತ್ತು ದೈವದ ಕಥೆ: ಬಲ್ಮಠದ ಸೆಮಿನರಿಯ ಚರಿತ್ರೆ

ಕ್ರೈಸ್ತ ಧರ್ಮೋಪದೇಶಕರನ್ನು ಸಿದ್ಧಗೊಳಿಸುವ ವಿದ್ಯೆಗೆ ಕನ್ನಡದಲ್ಲಿ 'ದೈವಶಾಸ್ತ್ರ' ಎಂಬ ಹೆಸರು ರೂಢಿಯಲ್ಲಿದೆ. ಕನ್ನಡ ನಾಡಿನ ಬೇರೆ ಭಾಗಗಳಲ್ಲಿ ಈ ಪದ ಯಾವ ಗೊಂದಲವನ್ನೂ ಹುಟ್ಟಿಸುವುದಿಲ್ಲ. ಆದರೆ ತುಳುನಾಡಿನಲ್ಲಿ 'ದೈವ' ಎಂದೊಡನೆ ಜನರ ಮನಸ್ಸಿಗೆ ಬರುವುದು ಪಂಜುರ್ಲಿ, ಜುಮಾದಿ, ಕಲ್ಕುಡ-ಕಲ್ಲುರ್ಟಿಯರು. ಕೋಲ, ನೇಮಗಳಲ್ಲಿ ಮೈದುಂಬಿ ಮಾತನಾಡುವ ಶಕ್ತಿಗಳೇ ಇಲ್ಲಿನ ದೈವಗಳು. ಇಂತಹ ನೆಲದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಒಂದು ಪ್ರೊಟೆಸ್ಟೆಂಟ್ ಸೆಮಿನರಿ ಸ್ಥಾಪನೆಯಾಯಿತು. ಒಂದು 'ದೈವ'ವನ್ನು ಬಿಟ್ಟು ಬಂದವರಿಗೆ ಮತ್ತೊಂದು 'ದೈವ'ದ ಶಾಸ್ತ್ರವನ್ನು ಕಲಿಸುವುದು ಅದರ ಉದ್ದೇಶವಾಗಿತ್ತು. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಶನ್ ನಡೆಸಿದ ಈ ಸೆಮಿನರಿಯ ಚರಿತ್ರೆಯನ್ನು ಜಾನಪದದ ದೃಷ್ಟಿಯಿಂದ ಪರಿಶೀಲಿಸುವ ಯತ್ನವನ್ನು ಪ್ರಸ್ತುತ ಲೇಖನದಲ್ಲಿ ಮಾಡಲಾಗಿದೆ.

ಮಿಶನರಿಗಳ ಕನ್ನಡ ಸೇವೆಯನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ'ವು ಈ ದಿಸೆಯ ಮಹತ್ವದ ಕೃತಿ. ಆದರೆ ಇಂತಹ ಚರ್ಚೆಗಳಲ್ಲಿ ನಿಘಂಟು, ವ್ಯಾಕರಣ, ಪತ್ರಿಕೆಗಳು ಮುಂದೆ ನಿಲ್ಲುತ್ತವೆ, ಇವುಗಳಿಗೆ ಆಸರೆಯಾಗಿದ್ದ ಪಾಠಶಾಲೆ ಹಿಂದೆ ಸರಿಯುತ್ತದೆ. ಆ ಪಾಠಶಾಲೆಯ ಬೆಂಚಿನ ಮೇಲೆ ಕುಳಿತಿದ್ದವರು ಇನ್ನೂ ಹಿಂದೆ ಉಳಿಯುತ್ತಾರೆ.

ಹಿನ್ನೆಲೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಬಾಸೆಲ್ ಮಿಶನ್ ಸ್ಥಾಪನೆಯಾಯಿತು. ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥೀಯ ಸಭೆಗಳು ಇದರ ಬೆನ್ನೆಲುಬಾಗಿದ್ದವು. ಈಸ್ಟ್ ಇಂಡಿಯಾ ಕಂಪೆನಿಯ ಆಳ್ವಿಕೆಯಲ್ಲಿದ್ದ ಪ್ರದೇಶಗಳಲ್ಲಿ ಬ್ರಿಟಿಷೇತರ ಮಿಶನರಿಗಳು ಕೆಲಸ ಮಾಡಲು 1833ರ ಸನ್ನದು ಕಾಯಿದೆಯು ದಾರಿ ತೆರೆಯಿತು. ಮರುವರ್ಷವೇ, ಅಂದರೆ 1834ರಲ್ಲಿ, ಸ್ಯಾಮುವೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬಂದರು. ಕಂಪೆನಿಯ ಭಾರತದಲ್ಲಿ ಬಾಸೆಲ್ ಮಿಶನ್ನಿನ ಕಾರ್ಯ ಆರಂಭವಾದದ್ದು ಹೀಗೆ.

ಮೊದಲ ದಿನಗಳಿಂದಲೂ ಈ ಮಿಶನರಿಗಳು ಒಂದು ಸಮಸ್ಯೆಯನ್ನು ಎದುರಿಸಬೇಕಾಯಿತು. ಪೇಟೆಯಲ್ಲಿ ಕನ್ನಡ, ಕೊಂಕಣಿ, ಹಳ್ಳಿಗಳಲ್ಲಿ ತುಳು, ಕಚೇರಿ ಮತ್ತು ಶಾಲೆಗಳಲ್ಲಿ ಕನ್ನಡ, ತೆಂಕಣಕ್ಕೆ ಹೋದರೆ ಮಲಯಾಳ. ಯುರೋಪಿನಿಂದ ಬಂದ ಬೆರಳೆಣಿಕೆಯ ಜನರು, ಅದರಲ್ಲಿಯೂ ರೋಗರುಜಿನಗಳಿಂದ ಬಳಲುತ್ತಿದ್ದವರು, ಇಷ್ಟೊಂದು ಭಾಷೆಗಳ ಜನರನ್ನು ತಲುಪುವುದು ಸಾಧ್ಯವಿರಲಿಲ್ಲ. ನೆಲದ ಮಾತನ್ನು ಆಡುವ ನೆಲದವರೇ ಉಪದೇಶಿಗಳಾಗಬೇಕು ಎಂಬ ವಿಚಾರವು ಈ ಅನಿವಾರ್ಯತೆಯಿಂದ ಮೂಡಿತು. ಸೆಮಿನರಿಯ ಮೂಲ ಇಲ್ಲಿದೆ.

ಮೋಗ್ಲಿಂಗ್ ಮತ್ತು ಸೆಮಿನರಿಯ ಆರಂಭ

ಈ ವಿಚಾರಕ್ಕೆ ರೂಪ ಕೊಟ್ಟವರಲ್ಲಿ ಹರ್ಮನ್ ಮೋಗ್ಲಿಂಗ್ ಪ್ರಮುಖರು. 1811ರಲ್ಲಿ ವ್ಯೂರ್ಟೆಂಬರ್ಗಿನಲ್ಲಿ ಜನಿಸಿದ ಇವರು 1836ರಲ್ಲಿ ಮಂಗಳೂರಿಗೆ ಬಂದರು. ಹುಡುಗರನ್ನು ಜೊತೆಯಲ್ಲಿಟ್ಟುಕೊಂಡು, ಅವರೊಂದಿಗೇ ಬಾಳಿ ಕಲಿಸುವ ವಸತಿಶಾಲೆಯ ಮಾದರಿಯಲ್ಲಿ ಅವರಿಗೆ ನಂಬಿಕೆಯಿತ್ತು. ಉಪದೇಶಿಗಳನ್ನು ತರಬೇತುಗೊಳಿಸುವ ಸಂಸ್ಥೆಯು 1847ರಲ್ಲಿ ಸ್ಥಿರರೂಪ ಪಡೆಯಿತು. ಬಲ್ಮಠದ ಗುಡ್ಡ ಅದರ ನೆಲೆಯಾಯಿತು. ಹೆಸರಿನಲ್ಲಿಯೇ 'ಮಠ'ವಿರುವ ಸ್ಥಳವೊಂದು ಪ್ರೊಟೆಸ್ಟೆಂಟ್ ವಿದ್ಯಾಪೀಠವಾದದ್ದು ಗಮನಿಸಬೇಕಾದ ಸಂಗತಿ.

ಸೆಮಿನರಿಯ ಆರಂಭದ ಕಾಲವನ್ನು ಅರ್ಥಮಾಡಿಕೊಳ್ಳಲು ಆನಂದರಾವ್ ಕೌಂಡಿನ್ಯರ ಜೀವನವನ್ನು ನೋಡಬೇಕು. ಮಂಗಳೂರಿನ ಬ್ರಾಹ್ಮಣ ಕುಟುಂಬದ ತರುಣರಾಗಿದ್ದ ಇವರು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಪಟ್ಟಣದಲ್ಲಿ ಕ್ಷೋಭೆಯೇ ಉಂಟಾಯಿತು. ಅನಂತರ ಇವರು ಮೋಗ್ಲಿಂಗರೊಂದಿಗೆ ಯುರೋಪಿಗೆ ತೆರಳಿ, ಬಾಸೆಲ್‌ನಲ್ಲಿ ಅಧ್ಯಯನ ಮಾಡಿ, 1851ರಲ್ಲಿ ಗುರುದೀಕ್ಷೆ ಪಡೆದರು. ತಾಯ್ನಾಡಿಗೆ ಮರಳಿ ಸೆಮಿನರಿಯಲ್ಲಿ ಬೋಧಕರಾದರು. ಯುರೋಪಿಯನ್ ಮಿಶನರಿಗಳ ಸಮಾನ ಸ್ಥಾನದಲ್ಲಿ ಭಾರತೀಯನೊಬ್ಬ ಪಾಠ ಹೇಳುವುದು ಆ ಕಾಲಕ್ಕೆ ಅಪರೂಪದ ಸಂಗತಿಯಾಗಿತ್ತು.

ಕೌಂಡಿನ್ಯರ ಉದಾಹರಣೆ ಎದ್ದು ಕಾಣುವಂಥದ್ದು, ಆದರೆ ಪ್ರಾತಿನಿಧಿಕವಲ್ಲ. ದಕ್ಷಿಣ ಕನ್ನಡದಲ್ಲಿ ಕ್ರೈಸ್ತ ಸಭೆಗೆ ಸೇರಿದವರಲ್ಲಿ ಬಹುಸಂಖ್ಯಾತರು ಬಿಲ್ಲವರು. ಇವರ ಪಾಲಿಗೆ ಮತಾಂತರವೆಂದರೆ ನಂಬಿಕೆಯ ಬದಲಾವಣೆ ಮಾತ್ರವಾಗಿರಲಿಲ್ಲ. ಮೂರ್ತೆ, ಅಂದರೆ ಕಳ್ಳು ಇಳಿಸುವ ಕಸುಬು, ಸಭೆಯವರಿಗೆ ನಿಷಿದ್ಧವಾಯಿತು. ಅಳಿಯಸಂತಾನ ಪದ್ಧತಿಯ ಕುಟುಂಬದಿಂದ ಹೊರಬಂದವರಿಗೆ ಆಸ್ತಿಯ ಪ್ರಶ್ನೆ ಜಟಿಲವಾಯಿತು. ಮಿಶನ್ ನೇಯ್ಗೆಯ ಮಗ್ಗಗಳನ್ನು ಹಾಕಿದ್ದೂ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದದ್ದೂ ಹೀಗೆ ಕಸುಬು ಕಳೆದುಕೊಂಡವರಿಗೆ ಅನ್ನದ ದಾರಿ ಮಾಡಿಕೊಡುವುದಕ್ಕಾಗಿ. ಸೆಮಿನರಿಯ ವಿದ್ಯಾರ್ಥಿಗಳೂ ಇದೇ ಸಮುದಾಯಗಳಿಂದ ಬಂದರು. ಇವರು ಬಿಟ್ಟುಬಂದ ಮನೆಗಳು ಕೋಟಿ-ಚೆನ್ನಯರನ್ನು ಆರಾಧಿಸುವ, ಗರೋಡಿಗಳಿಗೆ ನಡೆದುಕೊಳ್ಳುವ ಮನೆಗಳಾಗಿದ್ದವು ಎಂಬುದನ್ನು ಮರೆಯಬಾರದು.

ಭಾಷೆಯ ಆಯ್ಕೆ

ದೇಶಭಾಷೆಗಳಿಗೆ ಕೊಟ್ಟ ಪ್ರಾಧಾನ್ಯ ಬಲ್ಮಠದ ಸೆಮಿನರಿಯ ಮುಖ್ಯ ಲಕ್ಷಣ. ಜನರ ಹೃದಯವನ್ನು ಮುಟ್ಟಬೇಕಾದರೆ ಜನರ ಮಾತಿನಲ್ಲಿಯೇ ಆಡಬೇಕು ಎಂಬುದು ಬಾಸೆಲ್ ಮಿಶನರಿಗಳ ನಿಲುವಾಗಿತ್ತು. ಭಾಷೆಯನ್ನು ಕಲಿಯಲು ಅವರು ನೆಲದ ಸಾಹಿತ್ಯವನ್ನು ಓದಬೇಕಾಯಿತು. ಓದಲು ಪಠ್ಯಗಳು ಬೇಕಾದವು. ಪಠ್ಯಗಳಿಗಾಗಿ ಮುದ್ರಣ ಬೇಕಾಯಿತು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಕಲ್ಲಚ್ಚಿನ ಯಂತ್ರದೊಂದಿಗೆ ಆರಂಭವಾಯಿತು. 1843ರ ಜುಲೈ 1ರಂದು ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆಯೆಂದು ಪರಿಗಣಿತವಾಗಿರುವ ಇದರ ನೆನಪಿನಲ್ಲಿ ಆ ದಿನವನ್ನು ಇಂದಿಗೂ ಪತ್ರಿಕಾ ದಿನವನ್ನಾಗಿ ಆಚರಿಸಲಾಗುತ್ತಿದೆ.

ಸೆಮಿನರಿಯ ಆರಂಭದ ವರ್ಷಗಳಲ್ಲಿಯೇ ಮೋಗ್ಲಿಂಗರು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆಯನ್ನು ಕೈಗೆತ್ತಿಕೊಂಡರು. ಕಂಪೆನಿಯ ನಿವೃತ್ತ ಅಧಿಕಾರಿ ಕ್ಯಾಸಮೇಜರ್ ಅವರ ಧನಸಹಾಯದಿಂದ 1848ರಿಂದ 1853ರವರೆಗೆ ನಡೆದ ಈ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ಅಚ್ಚಾದವು. ಯಕ್ಷಗಾನ ಪ್ರಸಂಗಕ್ಕೂ ಈ ಮಾಲೆಯಲ್ಲಿ ಸ್ಥಾನ ದೊರೆಯಿತು. ಕ್ರೈಸ್ತ ಉಪದೇಶಿಗಳನ್ನು ತಯಾರಿಸುವ ಗುಡ್ಡದಿಂದ ಶೈವ, ವೈಷ್ಣವ ಕಾವ್ಯಗಳು ಹೊರಬಂದದ್ದನ್ನು ಕೇವಲ ಔದಾರ್ಯವೆಂದು ಬಗೆಯುವುದೂ ಕೇವಲ ತಂತ್ರವೆಂದು ತಳ್ಳುವುದೂ ಸರಿಯಲ್ಲ. ಎದುರಾಳಿಯ ಶಾಸ್ತ್ರವನ್ನು ತಿಳಿಯುವ ಹಂಬಲದಿಂದ ಮೊದಲಾದ ಓದು ಕ್ರಮೇಣ ಭಾಷೆಯ ಪ್ರೀತಿಯಾಗಿ ಬೆಳೆಯಿತು ಎನ್ನುವುದೇ ಸತ್ಯಕ್ಕೆ ಹತ್ತಿರವಾದುದು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ಲರು 1894ರಲ್ಲಿ ಪ್ರಕಟಿಸಿದ ಕನ್ನಡ-ಇಂಗ್ಲಿಷ್ ನಿಘಂಟು ಈ ಪರಂಪರೆಯ ಶಿಖರ. ಆ ನಿಘಂಟಿನಲ್ಲಿ ಪದಗಳ ಅರ್ಥಕ್ಕೆ ಕಾವ್ಯದ ಪ್ರಯೋಗಗಳ ಜೊತೆಗೆ ಗಾದೆಗಳೂ ಆಧಾರವಾಗಿ ನಿಂತಿರುವುದು ಜಾನಪದ ವಿದ್ವಾಂಸರು ಗಮನಿಸಬೇಕಾದ ಅಂಶ.

ತುಳುವಿನ ಪ್ರಶ್ನೆ ಬೇರೆಯೇ ಆಗಿತ್ತು. ಉಪದೇಶಿ ಹಳ್ಳಿಗೆ ಹೋದರೆ ಅಲ್ಲಿ ಆಡಬೇಕಾದದ್ದು ತುಳು. ಆದರೆ ತುಳುವಿನಲ್ಲಿ ಅಚ್ಚಾದ ಪುಸ್ತಕಗಳಿರಲಿಲ್ಲ. ಮಿಶನರಿಗಳು ತುಳುವನ್ನು ಕನ್ನಡ ಲಿಪಿಯಲ್ಲಿ ಮುದ್ರಿಸಲು ನಿರ್ಧರಿಸಿದರು. ಹೊಸ ಒಡಂಬಡಿಕೆಯ ತುಳು ಅನುವಾದ, 1872ರ ಬ್ರಿಗೆಲ್ಲರ ತುಳು ವ್ಯಾಕರಣ, 1886ರ ಮ್ಯಾನರರ ತುಳು-ಇಂಗ್ಲಿಷ್ ನಿಘಂಟು - ಎಲ್ಲವೂ ಈ ಕ್ರಮವನ್ನೇ ಅನುಸರಿಸಿದವು. ಇಂದಿಗೂ ತುಳು ಬರೆವಣಿಗೆಯಲ್ಲಿ ಕನ್ನಡ ಲಿಪಿಯೇ ಪ್ರಧಾನವಾಗಿರುವುದರ ಹಿಂದೆ ಈ ಆಯ್ಕೆಯ ಪಾತ್ರವಿದೆ.

ಪಾಡ್ದನಗಳು ಅಚ್ಚಿಗೆ ಬಂದುದು

ತುಳುನಾಡಿನ ದೈವಾರಾಧನೆಯು ಮಿಶನರಿಗಳ ಕಣ್ಣಿಗೆ ಅಜ್ಞಾನವಾಗಿ, ಭಯದಿಂದ ಹುಟ್ಟಿದ ಪಿಶಾಚಪೂಜೆಯಾಗಿ ಕಂಡಿತು. ದೈವಗಳನ್ನು ನಿರಾಕರಿಸುವುದು ಸಭೆಗೆ ಸೇರುವವರ ಮೊದಲ ಹೆಜ್ಜೆಯಾಗಿತ್ತು. ಸೆಮಿನರಿಯಲ್ಲಿ ಕಲಿತ ಉಪದೇಶಿ ಹಳ್ಳಿಗಳಲ್ಲಿ ಖಂಡಿಸಬೇಕಾಗಿದ್ದುದೂ ಇದನ್ನೇ. ಆದರೆ ಖಂಡಿಸಬೇಕಾದರೆ ಅರಿಯಬೇಕು. ಅರಿಯಬೇಕಾದರೆ ಕೇಳಿ ಬರೆದುಕೊಳ್ಳಬೇಕು. ಹೀಗೆ, ಯಾವ ಹಾಡನ್ನು ನಿಲ್ಲಿಸಬೇಕೆಂದು ಹೊರಟರೋ ಅದೇ ಹಾಡನ್ನು ಉಳಿಸಿದವರೂ ಅವರೇ ಆದರು. ಬಾಸೆಲ್ ಮಿಶನ್ ಮುದ್ರಣಾಲಯದಿಂದ 1874ರಲ್ಲಿ 'ಸಹಸ್ರಾರ್ಧ ತುಳು ಗಾದೆಗಳು' ಎಂಬ ಸಂಕಲನವೂ 1886ರಲ್ಲಿ ಮ್ಯಾನರರ 'ಪಾಡ್ದನೊಳು' ಎಂಬ ಸಂಕಲನವೂ ಪ್ರಕಟವಾದವು. ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಸಂಗ್ರಹಿಸಿದ್ದ ಪಾಡ್ದನಗಳು ಅವರ ಮರಣಾನಂತರ 1894ರಿಂದ 1897ರವರೆಗೆ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಬೆಳಕು ಕಂಡವು. ಕೋಟಿ-ಚೆನ್ನಯರ ಕಥೆಯೂ ಅವುಗಳಲ್ಲಿ ಒಂದು. ಆ ಲೇಖನಮಾಲೆಯ ಶೀರ್ಷಿಕೆಯಲ್ಲಿಯೇ 'ಪಿಶಾಚಪೂಜೆ' ಎಂಬ ಅರ್ಥದ ಪದವಿತ್ತು ಎಂಬುದು ಆ ಕಾಲದ ದೃಷ್ಟಿಯನ್ನು ಸ್ಪಷ್ಟಪಡಿಸುತ್ತದೆ. ತುಳು ಜಾನಪದದ ಆಧುನಿಕ ಅಧ್ಯಯನವು ಈ ಸಂಗ್ರಹಗಳನ್ನು ಬಿಟ್ಟು ಮುಂದುವರಿಯುವಂತಿಲ್ಲ.

ಇಲ್ಲಿ ಒಂದು ಮುಖ್ಯ ಪ್ರಶ್ನೆಯನ್ನು ಎತ್ತಬೇಕಾಗಿದೆ. ಪಾಡ್ದನವು ಓದುವ ಪಠ್ಯವಲ್ಲ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿ ಅದಕ್ಕೆ ಒಂದು ರೂಪ. ಕೋಲದ ಕಳದಲ್ಲಿ ಪಂಬದ, ಪರವ, ನಲಿಕೆಯವರ ಬಾಯಲ್ಲಿ ಇನ್ನೊಂದು ರೂಪ. ಒಂದು ಕಡೆ ಅದು ದುಡಿಮೆಯ ಲಯ, ಇನ್ನೊಂದು ಕಡೆ ದೈವದ ಹುಟ್ಟು ಮತ್ತು ಅಧಿಕಾರದ ಘೋಷಣೆ. ಅಚ್ಚಿನಲ್ಲಿ ಇವೆರಡೂ ಕಥೆಯ ಸಾರಾಂಶವಾಗಿ ಸಮನಾಗುತ್ತವೆ. ಹಾಡಿದ ಹೆಂಗಸು ಯಾರು, ಯಾವ ಊರಿನವಳು, ಬರೆದುಕೊಂಡ ದೇಶೀಯ ಸಹಾಯಕ ಯಾರು ಎಂಬ ವಿವರಗಳಿಗೆ ಆ ಕಾಲದ ಸಂಕಲನಗಳು ಬಹುಮಟ್ಟಿಗೆ ಅವಕಾಶ ಕೊಡಲಿಲ್ಲ. ಮುಖಪುಟದಲ್ಲಿ ಉಳಿದದ್ದು ಸಂಪಾದಕನ ಹೆಸರು. ಇದು ಮಿಶನರಿಗಳಿಗೆ ಮಾತ್ರ ಸೀಮಿತವಾದ ದೋಷವೆಂದು ಹೇಳಿ ನಾವು ಪಾರಾಗುವಂತಿಲ್ಲ; ಇಪ್ಪತ್ತನೆಯ ಶತಮಾನದ ನಮ್ಮ ಎಷ್ಟೋ ಜನಪದ ಗೀತ ಸಂಕಲನಗಳೂ ಇದೇ ಜಾಡಿನಲ್ಲಿ ನಡೆದಿವೆ.

ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಹಳೆಯ ಪ್ರೊಟೆಸ್ಟೆಂಟ್ ಕುಟುಂಬವೊಂದರ ವೃದ್ಧೆಯೊಬ್ಬರನ್ನು ಪಾಡ್ದನದ ಬಗ್ಗೆ ವಿಚಾರಿಸಿದೆ. "ನಾವು ಹಾಡುವ ಕ್ರಮ ಇಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಕಥೆ ಗೊತ್ತುಂಟು. ಗದ್ದೆಗೆ ಬರುತ್ತಿದ್ದವರು ಹಾಡುವಾಗ ಕೇಳಿದ್ದು" ಎಂದು ಸೇರಿಸಿದರು. ಕಥೆಯನ್ನು ಹೇಳಿದರು, ಹಾಡಲಿಲ್ಲ. ಸೆಮಿನರಿ ಎಳೆದ ಗೆರೆ ಎಲ್ಲಿಯವರೆಗೆ ತಲುಪಿತು, ಎಲ್ಲಿ ನಿಂತಿತು ಎಂಬುದನ್ನು ಈ ಎರಡು ಮಾತುಗಳು ನನಗೆ ತಿಳಿಸಿಕೊಟ್ಟವು. ನಂಬಿಕೆಯನ್ನು ಬಿಡಬಹುದು, ನೆನಪನ್ನು ಬಿಡುವುದು ಅಷ್ಟು ಸುಲಭವಲ್ಲ.

ಮಹಾಯುದ್ಧ ಮತ್ತು ಅನಂತರ

1914ರಲ್ಲಿ ಆರಂಭವಾದ ಮಹಾಯುದ್ಧವು ಬಾಸೆಲ್ ಮಿಶನ್ನಿಗೆ ದೊಡ್ಡ ಪೆಟ್ಟನ್ನು ಕೊಟ್ಟಿತು. ಜರ್ಮನ್ ಮಿಶನರಿಗಳು ಶತ್ರುರಾಷ್ಟ್ರದ ಪ್ರಜೆಗಳೆಂಬ ಕಾರಣಕ್ಕೆ ಬಂಧನಕ್ಕೊಳಗಾಗಿ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಹಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಎಂಬತ್ತು ವರ್ಷಗಳ ಕಾಲ ಯುರೋಪಿಯನ್ನರ ಮೇಲ್ವಿಚಾರಣೆಯಲ್ಲಿದ್ದ ಸಭೆಗಳ ಹೊಣೆ ದೇಶೀಯ ಸಭಾಪಾಲಕರ ಹೆಗಲಿಗೆ ಬಂದಿತು. ಸೆಮಿನರಿಯ ನಿಜವಾದ ಪರೀಕ್ಷೆ ನಡೆದದ್ದು ಆಗಲೇ. ಸಭೆಗಳು ಉಳಿದುವೆಂಬುದೇ ಆ ಪರೀಕ್ಷೆಯ ಫಲಿತಾಂಶ.

ಈ ಸೆಮಿನರಿಯಲ್ಲಿ ಓದಿದವರ ಪೈಕಿ ಕನ್ನಡ ನಾಡು ಮರೆಯದ ಹೆಸರು ರೆವರೆಂಡ್ ಉತ್ತಂಗಿ ಚೆನ್ನಪ್ಪನವರದು. 1881ರಲ್ಲಿ ಬಳ್ಳಾರಿ ಸೀಮೆಯ ಉತ್ತಂಗಿಯಲ್ಲಿ ಜನಿಸಿದ ಇವರು ಸಭಾಪಾಲಕರಾಗಿ ಕೆಲಸ ಮಾಡುತ್ತಲೇ ಹಳ್ಳಿಹಳ್ಳಿ ಸುತ್ತಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಮಿಶನರಿಗಳು ಹೊರಗಿನಿಂದ ಬಂದು ಸಂಗ್ರಹಿಸಿದರು. ಉತ್ತಂಗಿಯವರು ತಮ್ಮದೆಂದು ಸಂಗ್ರಹಿಸಿದರು. ಕ್ರಿಸ್ತನ ಸೇವೆಗೂ ಸರ್ವಜ್ಞನ ಪ್ರೀತಿಗೂ ಅವರಲ್ಲಿ ವೈರವಿರಲಿಲ್ಲ. ಸೆಮಿನರಿಯ ಶಿಕ್ಷಣವು ಯಾವ ಎತ್ತರವನ್ನು ಮುಟ್ಟಬಹುದಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

1965ರಲ್ಲಿ ಬಲ್ಮಠದ ಸೆಮಿನರಿ ಮತ್ತು ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಗಳು ಒಂದುಗೂಡಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ರೂಪುಗೊಂಡಿತು. ಕರಾವಳಿಯ ಜರ್ಮನ್-ಸ್ವಿಸ್ ಪರಂಪರೆಯೂ ಹಳೆಯ ಮೈಸೂರಿನ ಇಂಗ್ಲಿಷ್ ಪರಂಪರೆಯೂ ಹೀಗೆ ಬಲ್ಮಠದಲ್ಲಿ ಕೂಡಿದವು. ಸೆರಾಂಪುರದ ಸೆನೆಟ್‌ಗೆ ಸಂಯೋಜಿತವಾದ ಈ ಕಾಲೇಜಿನ ಪತ್ರಾಗಾರದಲ್ಲಿ ಹಳೆಯ ಮುದ್ರಿತ ಗ್ರಂಥಗಳೂ ದಾಖಲೆಗಳೂ ಇವೆ.

ಸಮಾರೋಪ

ಒಟ್ಟಿನಲ್ಲಿ, ಬಲ್ಮಠದ ಸೆಮಿನರಿಯ ಚರಿತ್ರೆಯನ್ನು ಎರಡು ಬಗೆಯಲ್ಲಿ ಹೇಳುವ ರೂಢಿ ಬೆಳೆದಿದೆ. ಒಂದು, ಕನ್ನಡ-ತುಳುಗಳಿಗೆ ಸಂದ ಸೇವೆಯ ಕೃತಜ್ಞತೆಯ ಕಥನ. ಇನ್ನೊಂದು, ದೇಶೀಯ ಸಂಸ್ಕೃತಿಯ ಮೇಲೆ ನಡೆದ ಆಕ್ರಮಣದ ಕಥನ. ಎರಡಕ್ಕೂ ಆಧಾರಗಳಿವೆ. ಆದರೆ ಎರಡರಲ್ಲಿಯೂ ಕರ್ತೃಗಳು ಯುರೋಪಿಯನ್ನರೇ. ಹಾಡಿದವರೂ ಬರೆದುಕೊಟ್ಟವರೂ ಕಲಿತು ಹಳ್ಳಿಗೆ ನಡೆದವರೂ ಎರಡೂ ಕಥನಗಳ ಅಂಚಿನಲ್ಲಿಯೇ ಉಳಿದಿದ್ದಾರೆ. ಮೂರನೆಯ ಚರಿತ್ರೆಯೊಂದು ಬರೆಯಲ್ಪಡಬೇಕಾದರೆ ಬಾಸೆಲ್ ಮತ್ತು ಮಂಗಳೂರಿನ ಪತ್ರಾಗಾರಗಳಷ್ಟೇ ಸಾಲವು. ಸಭೆಗಳ ಹಳೆಯ ಕುಟುಂಬಗಳ ನೆನಪುಗಳನ್ನೂ ಅವರ ನೆರೆಯ ಗರೋಡಿ, ಸಾನಗಳ ಮೌಖಿಕ ಪರಂಪರೆಯನ್ನೂ ಒಟ್ಟಿಗೆ ಇರಿಸಿ ನೋಡಬೇಕು. ಕಾಗದ ಕಾಯಬಹುದು, ನೆನಪು ಕಾಯುವುದಿಲ್ಲ. ಕಥೆ ಗೊತ್ತಿರುವ ಕೊನೆಯ ತಲೆಮಾರು ಇನ್ನೂ ನಮ್ಮೊಡನೆ ಇರುವಾಗಲೇ ಈ ಕಾರ್ಯ ಕೈಗೂಡಬೇಕಾಗಿದೆ.