ಕಿವಿ ಕೆಳಗಿನ ಗಂಟು ನೋಯ್ತಿಲ್ಲ ಅಂತ ಸುಮ್ಮನಿರಬೇಡಿ

ಉಪ್ಪಿನಕಾಯಿ ನೆನೆಸಿಕೊಂಡರೆ ಸಾಕು, ಬಾಯಲ್ಲಿ ನೀರೂರುತ್ತೆ ಅಲ್ವಾ? ಆಗ ಜೊಲ್ಲುಗ್ರಂಥಿಯನ್ನು ಅಪ್ಪಿಕೊಂಡು ಕೂತ ಕೆಲವು ಕೋಶಗಳು ಅದನ್ನು ಹಿಂಡಿ ಜೊಲ್ಲನ್ನು ಹೊರಗೆ ತಳ್ಳುತ್ತವೆ. ಇವೇ ಮಯೋಎಪಿಥೀಲಿಯಲ್ ಕೋಶಗಳು. ಅಪರೂಪಕ್ಕೆ ಇವಕ್ಕೂ ಕ್ಯಾನ್ಸರ್ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ವರ್ಗೀಕರಣದಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿದ್ದೇ 1991ರಲ್ಲಿ.

ಹೆಚ್ಚಾಗಿ ಇದು ಕಾಣಿಸೋದು ಕಿವಿಯ ಮುಂದೆ, ಕೆಳಗೆ ಇರುವ ಪೆರೋಟಿಡ್ ಗ್ರಂಥಿಯಲ್ಲಿ. ಮಂಗನಬಾವು ಬಂದಾಗ ಊದಿಕೊಳ್ಳುತ್ತಲ್ಲ, ಅದೇ ಜಾಗ. ಅಂಗುಳಲ್ಲೂ ಬರಬಹುದು. ಬಹಳ ಸಲ ನೋವೇ ಇರಲ್ಲ. ಎಷ್ಟೋ ಜನರಲ್ಲಿ ಇದು ವರ್ಷಗಟ್ಟಲೆ ತೆಪ್ಪಗಿದ್ದ ಪ್ಲಿಯೋಮಾರ್ಫಿಕ್ ಅಡಿನೋಮಾ ಅನ್ನೋ ಸಾಧು ಗಡ್ಡೆಯೊಳಗೇ ಹುಟ್ಟುತ್ತೆ. ಹಾಗಾಗಿ ಹಳೇ ಗಂಟು ದಿಢೀರನೆ ದೊಡ್ಡದಾದರೆ, ಮುಖ ಒಂದು ಕಡೆ ಸೊಟ್ಟಗಾದರೆ ತಡ ಮಾಡಬೇಡಿ.

ಕಷ್ಟ ಇರೋದು ಹೆಸರು ಹಚ್ಚುವುದರಲ್ಲಿ. ಸೂಜಿ ಚುಚ್ಚಿ ಮಾಡುವ ಎಫ್‌ಎನ್‌ಎಸಿ ಇಲ್ಲಿ ಎಷ್ಟೋ ಸಲ ಪೂರ್ತಿ ಉತ್ತರ ಕೊಡಲ್ಲ. ಇದೇ ಕೋಶಗಳು ಸಾಧು ಗಡ್ಡೆಯಲ್ಲೂ ಇರುತ್ತವೆ. ಗಡ್ಡೆ ಸುತ್ತಲಿನ ಅಂಗಾಂಶಕ್ಕೆ ನುಗ್ಗಿದೆಯಾ ಅನ್ನೋದು ಇಡಿಯಾಗಿ ತೆಗೆದು ನೋಡಿದಾಗಲೇ ಸರಿಯಾಗಿ ತಿಳಿಯೋದು. ಎಸ್-100, ಪಿ63, ಕ್ಯಾಲ್ಪೋನಿನ್ ಅಂತ ರಿಪೋರ್ಟಲ್ಲಿ ಕಾಣುವುದು ಕೋಶದ ಗುರುತು ಹಿಡಿಯುವ ಪರೀಕ್ಷೆಗಳು. ಇಂಥ ರಿಪೋರ್ಟ್ ಬಂದರೆ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆದು, ಕಿದ್ವಾಯಿ ಅಥವಾ ಮುಂಬೈನ ಟಾಟಾ ಮೆಮೋರಿಯಲ್‌ನಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ಓದಿಸಿ. ಡಾಕ್ಟರ್ ಬೇಜಾರಾಗ್ತಾರೆ ಅನ್ನೋ ಸಂಕೋಚ ಬೇಡ. ಮದುವೆ ಸೀರೆಗೆ ನಾಲ್ಕು ಅಂಗಡಿ ಸುತ್ತುವವರು ನಾವು!

ಮುಖ್ಯ ಚಿಕಿತ್ಸೆ ಆಪರೇಷನ್ನೇ. ನನ್ನ ಪ್ರಕಾರ ಅತಿ ಹೆಚ್ಚು ವಿಚಾರಿಸಬೇಕಾದದ್ದು ಈ ಮೊದಲ ಆಪರೇಷನ್ ಬಗ್ಗೆ. ಗಂಟನ್ನಷ್ಟೇ ಕಿತ್ತು ತೆಗೆದರೆ ಸಾಲದು, ಸುತ್ತ ಒಂದಿಷ್ಟು ಆರೋಗ್ಯವಂತ ಭಾಗವೂ ಬರಬೇಕು. ಆದರೆ ಮುಖದ ನರ ಹಾದುಹೋಗೋದು ಇದೇ ಗ್ರಂಥಿಯ ನಡುವೆ. ಕಣ್ಣು ಮುಚ್ಚೋದು, ನಗೋದು ಎಲ್ಲಾ ಅದರಿಂದಲೇ. ನರಕ್ಕೆ ಕ್ಯಾನ್ಸರ್ ತಾಗಿರದಿದ್ದರೆ ಉಳಿಸಿಕೊಳ್ತಾರೆ. ಒಳಹೊಕ್ಕಿದ್ದರೆ ಕತ್ತರಿಸಬೇಕಾಗುತ್ತೆ, ಬೇರೆ ಕಡೆಯಿಂದ ನರ ತಂದು ಜೋಡಿಸುವ ದಾರಿಯೂ ಇದೆ. ನರ ಉಳಿದರೂ ಕೆಲವು ತಿಂಗಳು ಮುಖ ಸ್ವಲ್ಪ ವಾಲಬಹುದು. “ಇಂಥ ಪೆರೋಟಿಡ್ ಆಪರೇಷನ್ ಎಷ್ಟು ಮಾಡಿದ್ದೀರಿ ಸಾರ್?” ಅಂತ ಧೈರ್ಯವಾಗಿ ಕೇಳಿ.

ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ, ನರಕ್ಕೋ ಕತ್ತಿನ ಗ್ರಂಥಿಗೋ ಹಬ್ಬಿದ್ದರೆ ರೇಡಿಯೇಶನ್ ಕೊಡ್ತಾರೆ. ಸಾಮಾನ್ಯವಾಗಿ ವಾರಕ್ಕೆ 5 ದಿನ, 6 ವಾರದ ಆಸುಪಾಸು. ಆಫೀಸಿನ ರಜೆ ಲೆಕ್ಕ ಹಾಕುವಾಗ ನಂತರದ ಸುಸ್ತು, ಬಾಯಿ ಒಣಗೋದೂ ಸೇರಿಸಿಕೊಳ್ಳಿ. ಶುರುವಾಗುವ ಮುಂಚೆ ಹಲ್ಲಿನ ಡಾಕ್ಟರನ್ನು ನೋಡಿ ಹುಳುಕು ಹಲ್ಲಿನ ಕೆಲಸ ಮುಗಿಸಿಬಿಡಿ. ರೇಡಿಯೇಶನ್ ಆದ ದವಡೆಯಲ್ಲಿ ಹಲ್ಲು ಕೀಳಿಸಿದರೆ ಗಾಯ ಮಾಯೋದು ಕಷ್ಟ.

ಕೀಮೋ ವಿಷಯದಲ್ಲಿ ಇದೇ ಸರಿ ಅನ್ನುವ ಒಂದು ಔಷಧಿ ಇನ್ನೂ ಗೊತ್ತಾಗಿಲ್ಲ. ರೋಗಿಗಳೇ ಕಡಿಮೆ, ಹಾಗಾಗಿ ದೊಡ್ಡ ಪ್ರಯೋಗ ನಡೆಸೋದು ಕಷ್ಟ. ಹಬ್ಬಿದವರಿಗೆ ಗಡ್ಡೆಯ ಜೀನ್ ಪರೀಕ್ಷೆ ಮಾಡಿ, ಹೊಂದುವ ಔಷಧಿ ಇದೆಯಾ ಅಂತ ಹುಡುಕುವುದುಂಟು.

ದೂರ ಹಬ್ಬುವಾಗ ಇದು ಹೆಚ್ಚಾಗಿ ಹೋಗೋದು ಶ್ವಾಸಕೋಶಕ್ಕೆ, ಅದೂ ಕೆಲವೊಮ್ಮೆ ವರ್ಷಗಳಾದ ಮೇಲೆ. ಅದಕ್ಕೇ ಕತ್ತು ಚೆನ್ನಾಗಿದ್ದರೂ ಡಾಕ್ಟರ್ ಎದೆಯ ಸ್ಕ್ಯಾನ್ ಬರೆದುಕೊಡೋದು.