ತೀರ್ಪಿನ ನಂತರವೂ ಜೊತೆಗಿರುವ ವಕೀಲೆಯರು

ಮುಂಬಯಿಯ ಮಜ್ಲಿಸ್ ಸಂಸ್ಥೆಯ ಪರಿಚಯ ಮಾಡಿಕೊಡಲು ಹೊರಟರೆ ಮಂಗಳೂರಿನಿಂದ ಶುರುಮಾಡಬೇಕು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಫ್ಲೇವಿಯಾ ಆಗ್ನೆಸ್ ಬೆಳೆದದ್ದು ಅಲ್ಲಿ, ಬಂಧುವೊಬ್ಬರ ಆಸರೆಯಲ್ಲಿ. ಶಾಲೆಯ ಕೊನೆಯ ಪರೀಕ್ಷೆಯ ಹೊತ್ತಿಗೆ ಆ ಹಿರಿಯರು ತೀರಿಕೊಂಡರು. ಹುಡುಗಿ ಹೆತ್ತವರಿದ್ದ ಏಡನ್‌ಗೆ ಹೋದಳು. ತಂದೆಯೂ ಹೋದ ಮೇಲೆ ಸಂಸಾರ ಊರಿಗೆ ಮರಳಿತು. ಆಮೇಲೆ ಹಿರಿಯರು ನೋಡಿ ಮಾಡಿದ ಮದುವೆ, ಮೂರು ಮಕ್ಕಳು, ಮತ್ತು ವರ್ಷಗಟ್ಟಲೆ ಗಂಡನ ಹೊಡೆತ.

ಈ ಬದುಕನ್ನು ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 1980ರ ಆಸುಪಾಸಿನಲ್ಲಿ, ಅತ್ಯಾಚಾರದ ಆರೋಪ ಹೊತ್ತ ಪೊಲೀಸರನ್ನು ಖುಲಾಸೆ ಮಾಡಿದ ಮಥುರಾ ಪ್ರಕರಣದ ತೀರ್ಪಿನ ವಿರುದ್ಧ ಹೆಂಗಸರು ಬೀದಿಗಿಳಿದರು. ಆ ಚಳವಳಿಯ ಗೆಳತಿಯರಿಂದ ಫ್ಲೇವಿಯಾ ಅವರಿಗೆ ಧೈರ್ಯ ಬಂತು. ಆದರೆ ಮನೆ ಬಿಟ್ಟ ಮೇಲೆ ಎದುರಾದದ್ದು ಕಾನೂನು. ಕ್ರೈಸ್ತರಿಗೆ ಅನ್ವಯವಾಗುತ್ತಿದ್ದದ್ದು 1869ರ ವಿಚ್ಛೇದನ ಕಾಯ್ದೆ. ಹೆಂಡತಿಯ ವ್ಯಭಿಚಾರವೊಂದನ್ನೇ ಹೇಳಿ ಗಂಡ ವಿಚ್ಛೇದನ ಪಡೆಯಬಹುದಿತ್ತು. ಹೆಂಡತಿಯಾದರೋ ಗಂಡ ಹೊಡೆಯುತ್ತಾನೆ ಎಂದಷ್ಟೇ ಹೇಳಿದರೆ ಸಾಲದು, ಹೊಡೆತದ ಜೊತೆಗೆ ವ್ಯಭಿಚಾರವನ್ನೂ ರುಜುವಾತುಪಡಿಸಬೇಕಿತ್ತು. 1997ರಲ್ಲಿ ಬಾಂಬೆ ಹೈಕೋರ್ಟ್ ಪ್ರಗತಿ ವರ್ಗೀಸ್ ಪ್ರಕರಣದಲ್ಲಿ ಈ ತಾರತಮ್ಯವನ್ನು ತೆಗೆದುಹಾಕಿತು. ಸಂಸತ್ತು ಕಾಯ್ದೆ ತಿದ್ದಿದ್ದು 2001ರಲ್ಲಿ. ಒಂದು ಅನ್ಯಾಯ ಕಾನೂನಿನ ಪುಸ್ತಕದಲ್ಲಿ 130 ವರ್ಷ ಕುಳಿತಿತ್ತು ಎಂಬುದನ್ನು ಓದಿದಾಗ ಇವತ್ತಿಗೂ ಸಿಟ್ಟು ಬರುತ್ತದೆ.

ಅರ್ಧಕ್ಕೆ ನಿಂತಿದ್ದ ಓದನ್ನು ಫ್ಲೇವಿಯಾ ಮತ್ತೆ ಹಿಡಿದರು. ಬಿ.ಎ. ಮುಗಿಸಿ, 1988ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಕಾನೂನು ಪದವಿ ಪಡೆದು ಬಾಂಬೆ ಹೈಕೋರ್ಟಿನಲ್ಲಿ ಕರಿಕೋಟು ತೊಟ್ಟರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಎಂ.ಫಿಲ್. ಮಾಡಿದರು. ತೊಂಬತ್ತರ ದಶಕದ ಹೊಸ್ತಿಲಲ್ಲಿ, ಚಿತ್ರ ನಿರ್ದೇಶಕಿ ಮಧುಶ್ರೀ ದತ್ತ ಅವರ ಜೊತೆ ಸೇರಿ ಕಟ್ಟಿದ್ದೇ ಮಜ್ಲಿಸ್. ಅದರ ಕಾನೂನು ವಿಭಾಗದಲ್ಲಿರುವವರು ಹೆಂಗಸರ ವ್ಯಾಜ್ಯ ನಡೆಸುವ ವಕೀಲೆಯರು: ಜೀವನಾಂಶ, ಮಕ್ಕಳ ಸುಪರ್ದಿ, ವಾಸದ ಹಕ್ಕು, ವಿಚ್ಛೇದನ.

ಸಂಸ್ಥೆಯ ಉಳಿದ ಚರಿತ್ರೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಫ್ಲೇವಿಯಾ ಅವರ ಒಂದು ಹಟ. ಎಂಬತ್ತರ ದಶಕದಲ್ಲಿ ಚಳವಳಿಯ ಒತ್ತು ಬಿದ್ದದ್ದು ಶಿಕ್ಷೆಯ ಮೇಲೆ. ಹೊಡೆಯುವ ಗಂಡನನ್ನು ಜೈಲಿಗೆ ಕಳಿಸುವ, ದಂಡ ಸಂಹಿತೆಯ 498ಎ ಕಲಮು 1983ರಲ್ಲಿ ಬಂತು. ಅದು ಬೇಕಾದದ್ದೇ. ಆದರೆ ಮಕ್ಕಳನ್ನು ಕಟ್ಟಿಕೊಂಡು ಹೊರಬಿದ್ದ ಹೆಂಗಸಿನ ಮುಂದೆ ಇರುವ ಪ್ರಶ್ನೆಗಳೇ ಬೇರೆ. ಇವತ್ತು ರಾತ್ರಿ ಎಲ್ಲಿ ಮಲಗುವುದು? ಶಾಲೆಯ ಫೀಸು ಯಾರು ಕಟ್ಟುತ್ತಾರೆ? ಬೀರುವಿನಲ್ಲಿರುವ ಒಡವೆ ಯಾರ ಪಾಲು? ಇದಕ್ಕೆ ಉತ್ತರ ಹೇಳುವುದು ಸಿವಿಲ್ ಕಾನೂನು. ಹೆಂಗಸಿನ ಹಣದ ಹಕ್ಕು, ಸೂರಿನ ಹಕ್ಕು ಗಟ್ಟಿಯಾಗದೆ ಉಳಿದ ಯಾವ ಹಕ್ಕೂ ನಿಲ್ಲದು ಎಂಬುದನ್ನು ಅವರು ಮೂರು ದಶಕ ಬರೆದರು, ವಾದಿಸಿದರು.

ವಿಚ್ಛೇದಿತ ಮುಸ್ಲಿಂ ಹೆಂಗಸು ಶಾ ಬಾನೊ ಅವರ ಪ್ರಕರಣವನ್ನೇ ನೋಡಿ. ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶದ ಸುತ್ತ 1985ರಲ್ಲಿ ದೇಶವೇ ಕುದಿಯಿತು. ಮರುವರ್ಷ ಬಂದ ಕಾಯ್ದೆ ಮುಸ್ಲಿಂ ಹೆಂಗಸರ ಹಕ್ಕನ್ನು ಪೂರ್ತಿ ಕಸಿದುಕೊಂಡಿತೆಂದು ಬಹುತೇಕರು ಕೈಚೆಲ್ಲಿದರು. ಫ್ಲೇವಿಯಾ ಕೆಳಗಿನ ನ್ಯಾಯಾಲಯಗಳ ಆದೇಶಗಳನ್ನು ಹಿಡಿದು ಕೂತರು. ಅದೇ ಕಾಯ್ದೆಯಲ್ಲಿದ್ದ 'ನ್ಯಾಯೋಚಿತ ಏರ್ಪಾಡು' ಎಂಬ ಮಾತಿನ ಬಲದಿಂದ ನ್ಯಾಯಾಧೀಶರು ವಿಚ್ಛೇದಿತೆಯರಿಗೆ ದೊಡ್ಡ ಇಡಿಗಂಟು ಕೊಡಿಸುತ್ತಿದ್ದುದನ್ನು ಎತ್ತಿ ತೋರಿಸಿದರು. 2001ರ ಡ್ಯಾನಿಯಲ್ ಲತೀಫಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಅರ್ಥವನ್ನೇ ಎತ್ತಿಹಿಡಿಯಿತು.

ಇನ್ನು ಇಂಥ ವ್ಯಾಜ್ಯಗಳ ಕೆಲಸ ನಡೆಯುವ ಬಗೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ ಪ್ರಕಾರ ಅಲ್ಲಿ ವಕೀಲರನ್ನಿಟ್ಟುಕೊಳ್ಳುವುದು ಹಕ್ಕಲ್ಲ, ನ್ಯಾಯಾಲಯ ಒಪ್ಪಬೇಕು. ಗಂಡಹೆಂಡಿರ ಜಗಳ ಮಾತಿನಲ್ಲೇ ಬಗೆಹರಿಯಲಿ ಎಂಬ ಒಳ್ಳೆಯ ಆಸೆ ಅದರ ಹಿಂದಿತ್ತು. ಆದರೆ ಕಾಗದಪತ್ರ ಬಲ್ಲ ಗಂಡಸಿನ ಎದುರು ಏನೂ ತಿಳಿಯದ ಹೆಂಗಸು ಒಂಟಿಯಾಗಿ ನಿಂತರೆ ಅದು ಸಮಾನರ ಮಾತುಕತೆ ಹೇಗಾದೀತು? ಒಳ್ಳೆಯ ವಕೀಲೆ ಮೊದಲು ಮಧ್ಯಂತರ ಜೀವನಾಂಶ ಕೇಳುತ್ತಾಳೆ, ಮೂಲ ಅರ್ಜಿ ವಾಯಿದೆಯ ಮೇಲೆ ವಾಯಿದೆ ಕಾಣುತ್ತ ಎಳೆಯುವುದು ಅವಳಿಗೆ ಗೊತ್ತು. ಸಂಬಳದ ಚೀಟಿ, ಬ್ಯಾಂಕ್ ಲೆಕ್ಕ ಹುಡುಕಿಸುತ್ತಾಳೆ. 2020ರಲ್ಲಿ ಸುಪ್ರೀಂ ಕೋರ್ಟ್ ರಜ್ನೇಶ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನಂತರ ಇಬ್ಬರೂ ಆಸ್ತಿ, ವರಮಾನದ ಪ್ರಮಾಣಪತ್ರ ಸಲ್ಲಿಸಲೇಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು.

ಆದೇಶ ಕೈಗೆ ಬಂದರೆ ಹಣ ಕೈಗೆ ಬಂತೆಂದಲ್ಲ. ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಅಡಿ (ಈಗ ಅದು ಹೊಸ ಸಂಹಿತೆಯ 144) ಬಾಕಿ ಉಳಿಸಿಕೊಂಡ ಗಂಡನ ಮೇಲೆ ವಾರಂಟು ಹೊರಡಿಸಬಹುದು, ಜೈಲಿಗೂ ಕಳಿಸಬಹುದು. ಆದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇಂದೋ ನಾಳೆಯೋ ಕೊಟ್ಟಾನು ಎಂದು ಕಾದು ಕೂತವಳಿಗೆ ಹಳೆಯ ಬಾಕಿ ವಸೂಲು ಮಾಡುವ ಈ ದಾರಿ ಮುಚ್ಚಿಹೋಗುತ್ತದೆ. ಇಂಥ ಗಡುವನ್ನು ನೆನಪಿಟ್ಟುಕೊಂಡು ಅವಳನ್ನು ಮತ್ತೆ ಕೋರ್ಟಿಗೆ ಕರೆತರುವವರು ಬೇಕು. ಉಚಿತ ನೆರವಿನ ಕಷ್ಟದ ಭಾಗ ಇದೇ. ಪತ್ರಿಕೆಗಳಲ್ಲಿ ಇದರ ಸುದ್ದಿ ಬರುವುದಿಲ್ಲ, ದೇಣಿಗೆ ಕೊಡುವವರ ಕಣ್ಣಿಗೂ ಇದು ಬೀಳುವುದು ಕಡಿಮೆ.

ನಮ್ಮಲ್ಲಿ ಹಕ್ಕು ಕಾಗದದ ಮೇಲೆ ಗಟ್ಟಿಯಾಗಿಯೇ ಇದೆ. ಸಂವಿಧಾನಕ್ಕೆ 1976ರಲ್ಲಿ ಸೇರಿದ 39ಎ ವಿಧಿ ಉಚಿತ ಕಾನೂನು ನೆರವಿನ ಮಾತಾಡುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಯಾವ ಹೆಂಗಸೇ ಆಗಲಿ, ಅವಳ ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೇಳಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಸಾಕು, ಸಹಾಯವಾಣಿಯ ಸಂಖ್ಯೆ 15100. ನಿಮ್ಮ ಬೀದಿಯಲ್ಲಿ, ನಿಮ್ಮ ಬಳಗದಲ್ಲಿ ಇದು ಬೇಕಾದವರು ಇದ್ದರೆ ದಯವಿಟ್ಟು ತಿಳಿಸಿ. ಮಂಗಳೂರಿನ ಮಗಳು ಮುಂಬಯಿಯಲ್ಲಿ ಕಟ್ಟಿದಂಥ ಒಂದು ಸಂಸ್ಥೆ, ತೀರ್ಪಾದ ಮೇಲೂ ಕಕ್ಷಿದಾರಳ ಕೈಬಿಡದ ವಕೀಲೆಯರ ಗುಂಪು, ನಮ್ಮ ಪ್ರತಿ ಜಿಲ್ಲೆಗೂ ಬೇಕು.