ನಿಮಗಿದು ಗೊತ್ತೇ? ಸೊಸೈಟಿಯಿಂದ ಉದುರಿದ ಪದ

ವಿಜಯನಗರ ಜಿಲ್ಲೆಯ ಹಂಪಸಾಗರದಂಥ ಊರುಗಳಲ್ಲಿ ‘ಸೊಸೈಟಿಗೆ ಹೋಗಿಬರ್ತೀನಿ’ ಅಂದರೆ ಸಮಾಜಕ್ಕೆ ಹೋಗುವುದಲ್ಲ, ಅಕ್ಕಿಗೋ ಗೊಬ್ಬರಕ್ಕೋ ಬೆಳೆಸಾಲಕ್ಕೋ ಹೋಗುವುದು. ‘ಕೋ-ಆಪರೇಟಿವ್ ಸೊಸೈಟಿ’ಯಲ್ಲಿ ವಿಶೇಷಣ ಉದುರಿತು, ನಾಮಪದ ಊರಲ್ಲೇ ಉಳಿಯಿತು.

ಉದುರಿದ ಪದದ ಬೇರು ಲ್ಯಾಟಿನ್. ‘ಕೋ’ ಅಂದರೆ ಜೊತೆಗೆ, ‘ಒಪೆರಾರಿ’ ಅಂದರೆ ದುಡಿಯುವುದು. ಆಸ್ಪತ್ರೆಯ ಆಪರೇಷನ್ನು, ಹಾಡಿನ ಒಪೆರಾ ಎರಡೂ ಇದರ ದಾಯಾದಿಗಳು.

ನಮ್ಮ ‘ಸಹಕಾರಿ’ಯೂ ಅದೇ ಅಚ್ಚು: ಸಹ, ಕಾರಿ. ಆದರೆ ಬಳಕೆಯಲ್ಲಿ ದಾರಿ ಬೇರೆ. ‘ನಡಿಗೆ ಆರೋಗ್ಯಕ್ಕೆ ಸಹಕಾರಿ’ ಎಂದು ನಾವು ಸಲೀಸಾಗಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ನಡಿಗೆಯನ್ನು ಕೋ-ಆಪರೇಟಿವ್ ಅಂದರೆ ನಕ್ಕಾರು. ಅಲ್ಲಿ ಮಗು ಕೋ-ಆಪರೇಟಿವ್ ಅಂದರೆ ಹಟ ಮಾಡದೆ ಹೇಳಿದ್ದು ಕೇಳುತ್ತದೆ ಅಂತ.

ಪದ ಬಿಟ್ಟು ಸಂಘಕ್ಕೆ ಬಂದರೆ, ದೇಶದ ಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಒಂದೆಂದು ಹೆಸರಾದದ್ದು ಗದಗ ಬಳಿಯ ಕಣಗಿನಹಾಳದ್ದು. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು 1905ರಲ್ಲಿ. ಆಗ ಗದಗ ಮುಂಬೈ ಪ್ರಾಂತ್ಯದಲ್ಲಿತ್ತು, ಹಂಪಸಾಗರ ಮದ್ರಾಸಿನಲ್ಲಿ. 1953ರ ಅಕ್ಟೋಬರ್ 1ರಂದು ಹಂಪಸಾಗರದ ಸೀಮೆ ಮೈಸೂರು ರಾಜ್ಯಕ್ಕೆ ಬಂತು.

ಇದೇ ಸೀಮೆಯ ತುಂಗಭದ್ರಾ ಜಲಾಶಯವೇ ಜಂಟಿ ದುಡಿಮೆಯ ಫಲ. ಒಂದು ದಡ ಮದ್ರಾಸಿನದು, ಇನ್ನೊಂದು ಹೈದರಾಬಾದ್ ನಿಜಾಮರದು. 1945ರ ಫೆಬ್ರವರಿ 28ರಂದು ಮದ್ರಾಸ್ ಗವರ್ನರ್ ಆರ್ಥರ್ ಹೋಪ್ ಒಂದು ಕಡೆ, ನಿಜಾಮರ ಮಗ ಬೇರಾರಿನ ರಾಜಕುಮಾರ ಇನ್ನೊಂದು ಕಡೆ ಶಂಕುಸ್ಥಾಪನೆ ಮಾಡಿದರು. ಗೋಡೆ ಒಂದು, ಅಡಿಗಲ್ಲು ಎರಡು! 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ್ದು ವಾರದೊಳಗೆ. ಇಂಗ್ಲಿಷರು ‘ಕನ್ಸರ್ಟೆಡ್ ಎಫರ್ಟ್’ ಅನ್ನುವುದು ಇಂಥ ಒಗ್ಗೂಡಿದ ಪ್ರಯತ್ನಕ್ಕೇ. ಒಬ್ಬರೇ ಬೆವರು ಸುರಿಸಿದ್ದಕ್ಕೂ ಹಾಗೆ ಬರೆಯುವವರಿದ್ದಾರೆ. ಹಳೆಯ ಇಂಗ್ಲಿಷ್ ಮೇಷ್ಟರು ಒಪ್ಪುವುದಿಲ್ಲ.

‘ಜಂಟಿ’ಗೆ ತೆಲುಗಿನ ‘ಜಂಟ’ ನೆಂಟ. ಇಂಗ್ಲಿಷಿನ ‘ಜಾಯಿಂಟ್’ ಜೊತೆ ಸದ್ದಷ್ಟೇ ಹೊಂದುತ್ತದೆ.

ಇದೇ ಅರ್ಥದ ಇನ್ನೊಂದು ಇಂಗ್ಲಿಷ್ ಪದ ‘ಕೊಲಾಬರೇಟಿವ್’ ಎಂಬುದರಲ್ಲಿ ಲೇಬರ್, ಅಂದರೆ ದುಡಿಮೆಯೇ ಇದೆ. ಆದರೂ ‘ಕೊಲಾಬರೇಟರ್’ ಎನ್ನುವಾಗ ಎಚ್ಚರ: ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಜೊತೆ ಕೈಜೋಡಿಸಿದ ದ್ರೋಹಿಗಳಿಗೂ ಅದೇ ಹೆಸರು ಅಂಟಿತು.

ಕನ್ನಡದಲ್ಲಿ ಇಂಥ ಎರಡು ಮೊನೆಯ ಪದ ಇಲ್ಲವೆಂದುಕೊಂಡಿರಾ? ‘ಮುಯ್ಯಿ’ ಇದೆಯಲ್ಲ! ಮದುವೆಯಲ್ಲಿ ಕೊಡುವುದೂ ಮುಯ್ಯಿ, ಹಗೆ ತೀರಿಸುವುದೂ ಮುಯ್ಯಿ. ಇಂದು ನಿಮ್ಮ ಹೊಲದಲ್ಲಿ ನಾನು ಕಳೆ ತೆಗೆದು, ನಾಳೆ ನನ್ನ ಹೊಲಕ್ಕೆ ನೀವು ಬಂದರೆ ಅದು ಮುಯ್ಯಾಳು, ಕೂಲಿಯ ಲೆಕ್ಕವಿಲ್ಲ. ಆ ಪದ ಕೋ-ಆಪರೇಟಿವ್‌ಗಿಂತ ಚೆನ್ನಾಗಿದೆ ಅನ್ನುವುದು ನನ್ನ ತೀರ್ಪು. ನಿಮ್ಮ ಊರಿನಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ಬರೆದು ತಿಳಿಸಿ.